ತಾಳಮದ್ದಳೆಯ ವಿಡಿಯೋದಿಂದ ಧ್ವನಿಯನ್ನು ಬೇರ್ಪಡಿಸುವ ಬಗೆ

ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರದ ಕಡೆಯ ಮನೆಗಳಲ್ಲಿ ತಾಳಮದ್ದಳೆ ನಡೆದರೆ ಈಗ ಯಾರಾದರೊಬ್ಬರು ಮೂಲೆಯಲ್ಲಿ ಮೊಬೈಲನ್ನು ಟ್ರೈಪಾಡಿಗೆ ಸಿಕ್ಕಿಸಿ ಇಟ್ಟಿರುತ್ತಾರೆ. ಚಿತ್ರ ಚೆನ್ನಾಗಿಯೇ ಬರುತ್ತದೆ, ತೊಂದರೆ ಇರುವುದು ಧ್ವನಿಯಲ್ಲಿ. ಜಗಲಿಯ ಕೊನೆಯಲ್ಲಿರುವ ಮೊಬೈಲಿಗೆ, ಪಾತ್ರವಾಗಿ ಮಾತನಾಡುವ ಅರ್ಥಧಾರಿಯ ಮಾತಿಗಿಂತ ಹಂಚಿನ ಮೇಲೆ ಬೀಳುವ ಮಳೆ, ಪಕ್ಕದವರ ಕೆಮ್ಮು, ಒಳಗಿನಿಂದ ಬರುವ ಪಾತ್ರೆಯ ಸದ್ದು ಹತ್ತಿರವಾಗಿರುತ್ತವೆ. ತಾಳಮದ್ದಳೆ ಕುಳಿತು ನಡೆಸುವ ಯಕ್ಷಗಾನ, ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ, ಇರುವುದೆಲ್ಲ ಪದ್ಯ ಮತ್ತು ಮಾತು. ಹೀಗಾಗಿ ಅದರ ವಿಡಿಯೋವನ್ನು ಮನೆಯ ಕಂಪ್ಯೂಟರಿನಲ್ಲಿ ಸಂಕಲನ ಮಾಡಲು ಕುಳಿತವರಿಗೆ ಧ್ವನಿಯನ್ನು ಚಿತ್ರದಿಂದ ಬೇರ್ಪಡಿಸಿ, ತಿದ್ದಿ, ಅಗತ್ಯವಿದ್ದರೆ ಬೇರೆಯದನ್ನೇ ಜೋಡಿಸುವ ವಿಧಾನ ತಿಳಿದಿರಬೇಕಾಗುತ್ತದೆ. ನಾನು ಕೆಲವು ವರ್ಷಗಳಿಂದ ಊರಿನ ಕಾರ್ಯಕ್ರಮಗಳಿಗೆ ಈ ಕೆಲಸವನ್ನು ಹವ್ಯಾಸವಾಗಿ ಮಾಡುತ್ತಿದ್ದೇನೆ. ಇದರಲ್ಲಿ ಕಲಿತದ್ದನ್ನೂ ಕೆಡಿಸಿಕೊಂಡದ್ದನ್ನೂ ಇಲ್ಲಿ ಬರೆದಿದ್ದೇನೆ.

ಮೊದಲಿಗೆ, ‘ಬೇರ್ಪಡಿಸುವುದು’ ಎಂಬ ಒಂದೇ ಮಾತನ್ನು ನಾವು ಮೂರು ಬೇರೆ ಬೇರೆ ಕೆಲಸಗಳಿಗೆ ಬಳಸುತ್ತೇವೆ ಎಂಬುದನ್ನು ಗಮನಿಸಬೇಕು. ಸಂಕಲನದ ಟೈಮ್‌ಲೈನಿನಲ್ಲಿ, ಅಂದರೆ ತುಣುಕುಗಳನ್ನು ಕಾಲಕ್ರಮದಲ್ಲಿ ಹಾಸುವ ಜಾಗದಲ್ಲಿ, ಚಿತ್ರದ ಪಟ್ಟಿಯನ್ನೂ ಧ್ವನಿಯ ಪಟ್ಟಿಯನ್ನೂ ಬಿಡಿಸಿ, ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗದಂತೆ ಮಾಡುವುದು ಮೊದಲನೆಯದು. ವಿಡಿಯೋದಿಂದ ಧ್ವನಿಯನ್ನು ಮಾತ್ರ ತೆಗೆದು ಬೇರೊಂದು ಫೈಲಾಗಿ ಉಳಿಸುವುದು ಎರಡನೆಯದು. ಹಾಡಿನಿಂದ ಕಂಠವನ್ನು ಬೇರೆ, ವಾದ್ಯವನ್ನು ಬೇರೆ ಮಾಡುವುದು ಮೂರನೆಯದು. ಪದ್ಯ ಹಾಡುವ ಭಾಗವತರ ದನಿಯನ್ನು ಉಳಿಸಿ ಚಂಡೆಯನ್ನು ತೆಗೆಯಬಹುದೇ ಎಂದು ಕೇಳುವವರಿಗೆ ಬೇಕಾಗಿರುವುದು ಈ ಮೂರನೆಯದು. ಅದರ ತಂತ್ರ ಪೂರ್ತಿ ಬೇರೆಯಾದ್ದರಿಂದ ಈ ಲೇಖನ ಮೊದಲ ಎರಡಕ್ಕೆ ಮಾತ್ರ ಸೀಮಿತವಾಗಿದೆ.

ಮೊಬೈಲಿನಲ್ಲಿ ಹುಟ್ಟುವ ಎಂಪಿ4 ಫೈಲನ್ನು ಒಂದು ಡಬ್ಬಿ ಎಂದು ಭಾವಿಸಬಹುದು. ಅದರೊಳಗೆ ಚಿತ್ರದ ಒಂದು ಧಾರೆಯೂ ಧ್ವನಿಯ ಒಂದು ಧಾರೆಯೂ ಪ್ರತ್ಯೇಕವಾಗಿಯೇ ಇರುತ್ತವೆ. ಧ್ವನಿ ಸಾಮಾನ್ಯವಾಗಿ ಎಎಸಿ ಎಂಬ ರೂಪದಲ್ಲಿ, ಸೆಕೆಂಡಿಗೆ 48,000 ಮಾದರಿಗಳ (ಸ್ಯಾಂಪಲ್) ಲೆಕ್ಕದಲ್ಲಿ ಇರುತ್ತದೆ. ಎರಡೂ ಒಟ್ಟಿಗೆ ಓಡುತ್ತಿರುವುದು ಕಾಲದ ಗುರುತುಗಳ ಬಲದಿಂದಲೇ ಹೊರತು ಅವೇನೂ ಬೆರೆತು ಹೋಗಿರುವುದಿಲ್ಲ. ಆದ್ದರಿಂದ ಟೈಮ್‌ಲೈನಿನಲ್ಲಿ ಧ್ವನಿಯನ್ನು ಬಿಡಿಸಿದರೆ ಗುಣಮಟ್ಟ ಕೆಡುತ್ತದೆ ಎಂಬ ಭಯ ಬೇಡ. ಮೂಲ ಫೈಲಿಗೆ ಏನೂ ಆಗುವುದಿಲ್ಲ, ಏಕೆಂದರೆ ಸಂಕಲನದ ಸಾಫ್ಟ್‌ವೇರ್ ಅದನ್ನು ಓದುತ್ತದೆಯೇ ವಿನಾ ತಿದ್ದುವುದಿಲ್ಲ.

ಕೆಲಸಕ್ಕೆ ಕೂರುವ ಮೊದಲು

ಮೂಲ ಫೈಲನ್ನು ವಾಟ್ಸಾಪ್‌ನಲ್ಲಿ ವಿಡಿಯೋ ಆಗಿ ತರಿಸಿಕೊಳ್ಳಬೇಡಿ. ಅಲ್ಲಿ ಅದು ಕುಗ್ಗುತ್ತದೆ, ಚಿತ್ರದ ಜೊತೆಗೆ ಧ್ವನಿಯೂ ಸೊರಗುತ್ತದೆ. ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಹಾಗಾಗುವುದಿಲ್ಲ, ಮೊಬೈಲನ್ನೇ ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿ ನಕಲಿಸಿಕೊಂಡರೆ ಇನ್ನೂ ಉತ್ತಮ. ಬಂದ ಎಲ್ಲ ಫೈಲುಗಳನ್ನೂ ಒಂದೇ ಫೋಲ್ಡರಿನಲ್ಲಿ ಇಟ್ಟು, ಕೆಲಸ ಮುಗಿಯುವ ತನಕ ಅವುಗಳ ಹೆಸರನ್ನಾಗಲಿ ಜಾಗವನ್ನಾಗಲಿ ಬದಲಾಯಿಸಬಾರದು. ಬದಲಾಯಿಸಿದರೆ ಸಾಫ್ಟ್‌ವೇರಿಗೆ ಫೈಲು ಸಿಗದೆ ಟೈಮ್‌ಲೈನ್ ಖಾಲಿಯಾಗಿ ಕಾಣುತ್ತದೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯವಾದದ್ದು. ಮೊಬೈಲುಗಳು ಸೆಕೆಂಡಿಗೆ 30 ಫ್ರೇಮ್ (ಬಿಡಿ ಚಿತ್ರ) ಎಂದು ಹೇಳಿಕೊಂಡರೂ ಬೆಳಕು ಕಡಿಮೆಯಾದಾಗ ಅದನ್ನು ತಾವಾಗಿಯೇ ಏರಿಳಿಸುತ್ತವೆ. ರಾತ್ರಿ ದೀಪದ ಬೆಳಕಿನಲ್ಲಿ ತೆಗೆದ ವಿಡಿಯೋಗಳಲ್ಲಿ ಇದು ಹೆಚ್ಚು. ಇಂತಹ ಫೈಲನ್ನು ಹಾಗೆಯೇ ಬಳಸಿ ಧ್ವನಿಯನ್ನು ಬಿಡಿಸಿದರೆ ಆರಂಭದಲ್ಲಿ ಸರಿಯಾಗಿದ್ದ ಹೊಂದಾಣಿಕೆ ಅರ್ಧ ಗಂಟೆಯ ಹೊತ್ತಿಗೆ ತಪ್ಪಿರಬಹುದು. ಶಾಟ್‌ಕಟ್ ಎಂಬ ಉಚಿತ ಸಾಫ್ಟ್‌ವೇರ್ ಇಂತಹ ಫೈಲನ್ನು ತೆರೆದಾಗ ತಾನೇ ಎಚ್ಚರಿಸಿ, ಸಂಕಲನಕ್ಕೆ ಒಗ್ಗುವ ರೂಪಕ್ಕೆ ಬದಲಾಯಿಸಲೇ ಎಂದು ಕೇಳುತ್ತದೆ, ಒಪ್ಪಿಕೊಳ್ಳಿ. ಬೇರೆ ಸಾಫ್ಟ್‌ವೇರ್ ಬಳಸುವವರು ಹ್ಯಾಂಡ್‌ಬ್ರೇಕ್ ಎಂಬ ಉಚಿತ ಪರಿವರ್ತಕದಲ್ಲಿ ‘ಕಾನ್ಸ್‌ಟಂಟ್ ಫ್ರೇಮ್‌ರೇಟ್’ ಆಯ್ದುಕೊಂಡು ಹೊಸ ಪ್ರತಿ ಮಾಡಿಕೊಳ್ಳಬಹುದು. ಇದಕ್ಕೆ ಹೊತ್ತು ಹಿಡಿಯುತ್ತದೆ. ರಾತ್ರಿ ಹಚ್ಚಿಟ್ಟು ಮಲಗಿದರೆ ಬೆಳಿಗ್ಗೆ ಸಿದ್ಧವಾಗಿರುತ್ತದೆ, ನಮ್ಮ ಕಡೆಯಾದರೆ ಕರೆಂಟು ಹೋಗಿರಬಾರದು ಅಷ್ಟೆ.

ಶಾಟ್‌ಕಟ್‌ನಲ್ಲಿ ಬಿಡಿಸುವ ಕ್ರಮ

ಮನೆಯ ಸಾಧಾರಣ ಕಂಪ್ಯೂಟರಿನಲ್ಲಿಯೂ ಓಡುತ್ತದೆ ಎಂಬ ಕಾರಣಕ್ಕೆ ನಾನು ಶಾಟ್‌ಕಟ್ಟನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಮೊದಲು ಹೊಸ ಪ್ರಾಜೆಕ್ಟಿಗೆ ಹೆಸರು ಕೊಟ್ಟು, ‘ಓಪನ್ ಫೈಲ್’ ಮೂಲಕ ವಿಡಿಯೋವನ್ನು ತೆರೆದು, ಅದನ್ನು ಕೆಳಗಿನ ಟೈಮ್‌ಲೈನಿಗೆ ಎಳೆದು ಬಿಡಿ. ‘ವಿ1’ ಎಂಬ ಒಂದೇ ಪಟ್ಟಿಯಲ್ಲಿ ಚಿತ್ರವೂ ಅದರ ಅಡಿಯಲ್ಲಿ ಧ್ವನಿಯ ಅಲೆಗಳೂ ಕಾಣುತ್ತವೆ. ಆ ಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿದಾಗ ತೆರೆಯುವ ಮೆನುವಿನಲ್ಲಿ ನೇರವಾಗಿಯೋ, ಆವೃತ್ತಿಗೆ ತಕ್ಕಂತೆ ‘ಮೋರ್’ ಎಂಬುದರ ಒಳಗೋ ‘ಡಿಟ್ಯಾಚ್ ಆಡಿಯೋ’ ಎಂಬ ಆಯ್ಕೆ ಇರುತ್ತದೆ. ಅದನ್ನು ಒತ್ತಿದ ಕೂಡಲೇ ಕೆಳಗೆ ‘ಎ1’ ಎಂಬ ಹೊಸ ಪಟ್ಟಿ ಮೂಡಿ, ಧ್ವನಿ ಅಲ್ಲಿಗೆ ಇಳಿಯುತ್ತದೆ. ಮೇಲಿನ ಚಿತ್ರ ಮೂಕವಾಗುತ್ತದೆ. ಬೇರ್ಪಡಿಸುವ ಕೆಲಸ ಇಷ್ಟೇ.

ಆದರೆ ಈಗ ಎರಡರ ನಡುವೆ ಯಾವ ಕಟ್ಟೂ ಇಲ್ಲ. ಮೇಲಿನದನ್ನು ಒಂದಿಷ್ಟು ಎಳೆದರೆ ಕೆಳಗಿನದು ಇದ್ದಲ್ಲೇ ಇರುತ್ತದೆ. ಆದ್ದರಿಂದ ಬಿಡಿಸಿದ ಕೂಡಲೇ ಧ್ವನಿಯ ಪಟ್ಟಿಯ ತಲೆಯಲ್ಲಿರುವ ಬೀಗದ ಗುರುತನ್ನು ಒತ್ತಿ ಅದನ್ನು ಭದ್ರಪಡಿಸುವ ಅಭ್ಯಾಸ ಒಳ್ಳೆಯದು. ಕತ್ತರಿಸುವಾಗಲೂ ಎರಡು ಬಗೆಯ ಅಳಿಸುವಿಕೆಯ ವ್ಯತ್ಯಾಸ ತಿಳಿದಿರಬೇಕು. ‘ಎಕ್ಸ್’ ಕೀಲಿಯನ್ನು ಒತ್ತಿದರೆ ಆಯ್ದ ತುಂಡು ಹೋಗಿ, ಅದರ ಮುಂದಿನದೆಲ್ಲ ಹಿಂದಕ್ಕೆ ಸರಿದು ಖಾಲಿ ಜಾಗವನ್ನು ತುಂಬುತ್ತದೆ. ‘ಝಡ್’ ಒತ್ತಿದರೆ ತುಂಡು ಹೋಗುತ್ತದೆ, ಜಾಗ ಹಾಗೆಯೇ ಖಾಲಿ ಉಳಿಯುತ್ತದೆ.

ಈ ವ್ಯತ್ಯಾಸ ತಿಳಿಯದೆ ನಾನೊಮ್ಮೆ ಮೂರು ಗಂಟೆಯ ತಾಳಮದ್ದಳೆಯನ್ನು ಹಾಳು ಮಾಡಿದ್ದೇನೆ. ಕಷಾಯದ ತಟ್ಟೆ ಹಿಡಿದವರೊಬ್ಬರು ಕ್ಯಾಮೆರಾದ ಎದುರಿನಿಂದಲೇ ಹಾದುಹೋಗಿದ್ದರು. ಆ 4 ಸೆಕೆಂಡಿನ ಚಿತ್ರವನ್ನು ‘ಎಕ್ಸ್’ ಒತ್ತಿ ತೆಗೆದೆ. ಧ್ವನಿ ಬೇರೆಯ ಪಟ್ಟಿಯಲ್ಲಿ ಅಖಂಡವಾಗಿತ್ತು, ಆದ್ದರಿಂದ ಕೇಳುವುದಕ್ಕೆ ಏನೂ ಕೊರತೆ ಕಾಣಲಿಲ್ಲ. ಅಲ್ಲಿಂದ ಮುಂದೆ ಚಿತ್ರ ಮಾತ್ರ 4 ಸೆಕೆಂಡು ಮುಂಚಿತವಾಗಿ ಓಡುತ್ತಿತ್ತು. ಪೆನ್‌ಡ್ರೈವಿನಲ್ಲಿ ತುಂಬಿ ದೊಡ್ಡಪ್ಪನಿಗೆ ಕೊಟ್ಟು ಬಂದೆ. ಮರುದಿನ ಫೋನು ಬಂತು: ‘ತಮಾ, ಬಾಯಿಗೂ ಮಾತಿಗೂ ತಾಳೆನೇ ಇಲ್ಲೆ.’

ಅಲ್ಲಿ ನಾನು ಮಾಡಬೇಕಾಗಿದ್ದದ್ದು ಚಿತ್ರವನ್ನು ಕತ್ತರಿಸುವುದಲ್ಲ, ಮುಚ್ಚುವುದು. ‘ವಿ1’ರ ಮೇಲೆ ‘ವಿ2’ ಎಂಬ ಇನ್ನೊಂದು ಪಟ್ಟಿಯನ್ನು ಸೇರಿಸಿ, ಮದ್ದಳೆಗಾರರ ಕೈಯನ್ನೋ ಸಭಿಕರ ಮುಖವನ್ನೋ ತೋರಿಸುವ 5 ಸೆಕೆಂಡಿನ ಬೇರೊಂದು ತುಂಡನ್ನು ಆ ಜಾಗದ ಮೇಲೆ ಹೊದೆಸಿದ್ದರೆ ಸಾಕಿತ್ತು. ಮಾತು ತನ್ನ ಪಾಡಿಗೆ ನಡೆಯುತ್ತಿತ್ತು. ಅಂದಿನಿಂದ ನಾನು ಧ್ವನಿಯನ್ನು ಮೊದಲು ಪೂರ್ತಿಯಾಗಿ ಹಾಸಿ, ಬೀಗ ಹಾಕಿ, ಚಿತ್ರಗಳನ್ನು ಅದರ ಮೇಲೆ ಹೊಂದಿಸುತ್ತೇನೆ. ತಾಳಮದ್ದಳೆ, ಹರಿಕಥೆ, ಭಾಷಣ, ಮದುವೆಯ ಮಂತ್ರಭಾಗ, ಇಂಥವುಗಳಲ್ಲಿ ಈ ಕ್ರಮವೇ ಸರಿ ಎಂಬುದು ನನ್ನ ಅಭಿಪ್ರಾಯ. ನೋಡುವವರು ಚಿತ್ರ ಬದಲಾದರೆ ಸಹಿಸುತ್ತಾರೆ, ಪದ್ಯದ ನಡುವೆ ಒಂದು ಅಕ್ಷರ ನುಂಗಿದರೂ ಸಹಿಸುವುದಿಲ್ಲ.

ಬೇರೆ ಸಾಫ್ಟ್‌ವೇರುಗಳಲ್ಲಿ ಹೆಸರು ಬೇರೆ, ಕೆಲಸ ಅದೇ. ಡಾವಿಂಚಿ ರಿಸಾಲ್ವ್‌ನಲ್ಲಿ ಚಿತ್ರ ಮತ್ತು ಧ್ವನಿ ಮೊದಲಿನಿಂದಲೇ ಎರಡು ಪಟ್ಟಿಗಳಲ್ಲಿ ಇಳಿಯುತ್ತವೆ, ಆದರೆ ಪರಸ್ಪರ ಕಟ್ಟಿಕೊಂಡಿರುತ್ತವೆ. ರೈಟ್ ಕ್ಲಿಕ್ ಮಾಡಿ ‘ಲಿಂಕ್ ಕ್ಲಿಪ್ಸ್’ ಎಂಬುದರ ಗುರುತನ್ನು ತೆಗೆದರೆ ಕಟ್ಟು ಬಿಚ್ಚುತ್ತದೆ. ಒಂದೇ ಒಂದು ಸಲ ಧ್ವನಿಯನ್ನು ಮಾತ್ರ ಮುಟ್ಟಬೇಕಾದರೆ ಕಟ್ಟು ಬಿಚ್ಚದೆ, ಆಲ್ಟ್ ಕೀಲಿಯನ್ನು ಹಿಡಿದು ಅದರ ಮೇಲೆ ಕ್ಲಿಕ್ ಮಾಡಿದರಾಯಿತು. ಇದು ಹೆಚ್ಚು ಸುರಕ್ಷಿತ. ಕೆಡೆನ್‌ಲೈವ್‌ನಲ್ಲಿ ‘ಅನ್‌ಗ್ರೂಪ್ ಕ್ಲಿಪ್ಸ್’, ಓಪನ್‌ಶಾಟ್‌ನಲ್ಲಿ ‘ಸೆಪರೇಟ್ ಆಡಿಯೋ’, ಮ್ಯಾಕ್ ಕಂಪ್ಯೂಟರಿನ ಐಮೂವಿಯಲ್ಲಿ ಮತ್ತು ವಿಂಡೋಸ್‌ನ ಕ್ಲಿಪ್‌ಚಾಂಪ್‌ನಲ್ಲಿ ‘ಡಿಟ್ಯಾಚ್’ ಎಂಬ ಹೆಸರನ್ನು ಹುಡುಕಬೇಕು. ಮೊಬೈಲಿನಲ್ಲಿಯೇ ಸಂಕಲನ ಮಾಡುವವರಿಗೆ ಕೈನ್‌ಮಾಸ್ಟರ್‌ನಲ್ಲಿ ‘ಎಕ್ಸ್‌ಟ್ರಾಕ್ಟ್ ಆಡಿಯೋ’ ಇದೆ. ಐದು ನಿಮಿಷದ ತುಣುಕಿಗೆ ಅದು ಸಾಕು, ಮೂರು ಗಂಟೆಯ ಪ್ರಸಂಗಕ್ಕೆ ಮೊಬೈಲಿನ ಪರದೆಯನ್ನು ನೆಚ್ಚಿಕೊಳ್ಳುವುದು ಕಣ್ಣಿಗೂ ಬೆರಳಿಗೂ ಶಿಕ್ಷೆ.

ಹತ್ತಿರದ ಧ್ವನಿಯನ್ನು ದೂರದ ಚಿತ್ರಕ್ಕೆ ಜೋಡಿಸುವುದು

ಧ್ವನಿಯನ್ನು ಬಿಡಿಸುವುದರ ನಿಜವಾದ ಪ್ರಯೋಜನ ಇಲ್ಲಿದೆ. ಕ್ಯಾಮೆರಾ ದೂರದಲ್ಲಿರಲಿ, ಇನ್ನೊಂದು ಮೊಬೈಲನ್ನು ವಾಯ್ಸ್ ರೆಕಾರ್ಡರಿನಲ್ಲಿಟ್ಟು ಅರ್ಥಧಾರಿಗಳ ನಡುವೆ, ಒಂದು ಮಡಚಿದ ಟವೆಲ್ಲಿನ ಮೇಲೆ ಇಡಿ. ಟವೆಲ್ ಇಲ್ಲದಿದ್ದರೆ ಆವೇಶದಲ್ಲಿ ನೆಲ ತಟ್ಟಿದ ಸದ್ದೂ ಮೇಜು ಅಲುಗಿದ ಸದ್ದೂ ಅದರಲ್ಲಿ ಸೇರುತ್ತದೆ. ಚಂಡೆಯ ಪಕ್ಕದಲ್ಲಿ ಇಡಬೇಡಿ. ಅಬ್ಬರದ ಏರುಪದ್ಯ ಬಂದಾಗ ಚಂಡೆಯ ಪೆಟ್ಟಿಗೆ ಧ್ವನಿ ಸೀಳಿಹೋಗುತ್ತದೆ, ಹಾಗೆ ಸೀಳಿದ್ದನ್ನು ಆಮೇಲೆ ಯಾವ ಸಾಫ್ಟ್‌ವೇರಿನಲ್ಲಿಯೂ ಪೂರ್ತಿ ಸರಿಪಡಿಸಲಾಗುವುದಿಲ್ಲ. ಎರಡೂ ಯಂತ್ರಗಳನ್ನು ಏರೋಪ್ಲೇನ್ ಮೋಡಿನಲ್ಲಿ ಇಡುವುದನ್ನು ಮರೆಯಬಾರದು, ಸಂಧಾನದ ಮಾತಿನ ನಡುವೆ ಕರೆ ಬಂದರೆ ರೆಕಾರ್ಡಿಂಗೇ ನಿಂತುಹೋಗುವುದುಂಟು.

ಮನೆಗೆ ಬಂದ ಮೇಲೆ ವಿಡಿಯೋವನ್ನು ‘ವಿ1’ರಲ್ಲಿಟ್ಟು, ಅದರ ಧ್ವನಿಯನ್ನು ‘ಎ1’ಕ್ಕೆ ಬಿಡಿಸಿ, ರೆಕಾರ್ಡರಿನ ಧ್ವನಿಯನ್ನು ‘ಎ2’ರಲ್ಲಿ ಹಾಸಿ. ಈಗ ಎರಡರಲ್ಲಿಯೂ ಇರುವ ಒಂದು ಚೂಪಾದ ಸದ್ದು ಬೇಕು. ಸಿನಿಮಾದವರು ಇದಕ್ಕೆ ಕ್ಲ್ಯಾಪ್ ಹಲಗೆಯನ್ನು ಬಳಸುತ್ತಾರೆ. ನಮಗೆ ಚಂಡೆಯ ಮೊದಲ ಪೆಟ್ಟು ಅದೇ ಕೆಲಸವನ್ನು ಮಾಡುತ್ತದೆ. ಟೈಮ್‌ಲೈನನ್ನು ಹಿಗ್ಗಿಸಿ ನೋಡಿದರೆ ಎರಡೂ ಅಲೆಗಳಲ್ಲಿ ಆ ಪೆಟ್ಟು ನೆಟ್ಟ ಗೂಟದಂತೆ ಎದ್ದು ಕಾಣುತ್ತದೆ. ‘ಎ2’ನ್ನು ಎಳೆದು ಎರಡು ಗೂಟಗಳನ್ನೂ ಒಂದೇ ಗೆರೆಗೆ ತನ್ನಿ. ಎರಡನ್ನೂ ಒಟ್ಟಿಗೆ ಕೇಳಿದಾಗ ಬಾವಿಯೊಳಗಿನಿಂದ ಬಂದಂತಹ ಪ್ರತಿಧ್ವನಿ ಇದ್ದರೆ ಇನ್ನೂ ಹೊಂದಿಲ್ಲ ಎಂದರ್ಥ. ಅದು ಸರಿಯಾದ ಮೇಲೆ ‘ಎ1’ನ್ನು ಮ್ಯೂಟ್ ಮಾಡಬಹುದು, ಆದರೆ ಅಳಿಸಬಾರದು. ಮುಂದೆ ಎಲ್ಲಾದರೂ ಜಾರಿದೆ ಎಂಬ ಅನುಮಾನ ಬಂದಾಗ ಹೋಲಿಸಿ ನೋಡಲು ಅದೊಂದೇ ಸಾಕ್ಷಿ. ಶಾಟ್‌ಕಟ್‌ನ ಇತ್ತೀಚಿನ ಆವೃತ್ತಿಗಳಲ್ಲಿ ಈ ಹೊಂದಾಣಿಕೆಯನ್ನು ತಾನೇ ಮಾಡುವ ‘ಅಲೈನ್ ಟು ರೆಫರೆನ್ಸ್ ಟ್ರ್ಯಾಕ್’ ಎಂಬ ಸೌಲಭ್ಯವೂ ಇದೆ, ಮಳೆಯ ಸದ್ದು ಜೋರಾಗಿದ್ದರೆ ಮಾತ್ರ ಅದರ ಫಲಿತಾಂಶವನ್ನು ಕಿವಿಯಿಂದ ಪರೀಕ್ಷಿಸಿಯೇ ಒಪ್ಪಬೇಕು.

ಜಗಲಿಯೊಳಗೆ ಇಷ್ಟು ಸಾಕು. ಬಯಲಾಟದ ಗದ್ದೆಯಲ್ಲಿ ಇನ್ನೊಂದು ಲೆಕ್ಕ ಸೇರುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ವೇಗದಲ್ಲಿ ಸಾಗುತ್ತದೆ. ಸೆಕೆಂಡಿಗೆ 30 ಫ್ರೇಮಿನ ವಿಡಿಯೋದಲ್ಲಿ ಒಂದು ಫ್ರೇಮ್ ಸುಮಾರು 33 ಮಿಲಿಸೆಕೆಂಡಿನಷ್ಟು, ಅಂದರೆ ಶಬ್ದ 11 ಮೀಟರಿಗಿಂತ ಸ್ವಲ್ಪ ಹೆಚ್ಚು ದೂರ ಸಾಗುವಷ್ಟು ಹೊತ್ತು. ಕ್ಯಾಮೆರಾ ರಂಗಸ್ಥಳದಿಂದ 35 ಮೀಟರ್ ದೂರದಲ್ಲಿದ್ದರೆ ಅದರ ಸ್ವಂತ ಧ್ವನಿಯೇ ಚಿತ್ರಕ್ಕಿಂತ 3 ಫ್ರೇಮ್ ಹಿಂದೆ ಬಿದ್ದಿರುತ್ತದೆ. ರೆಕಾರ್ಡರಿನ ಧ್ವನಿಯನ್ನು ಅದಕ್ಕೆ ಹೊಂದಿಸಿದರೆ ಆ ತಪ್ಪನ್ನೂ ಜೊತೆಗೆ ಹೊಂದಿಸಿದಂತಾಗುತ್ತದೆ. ಗೂಟಗಳನ್ನು ಒಂದೇ ಗೆರೆಗೆ ತಂದ ಮೇಲೆ ‘ಎ2’ನ್ನು 3 ಫ್ರೇಮ್ ಹಿಂದಕ್ಕೆ, ಎಂದರೆ ಎಡಕ್ಕೆ, ಸರಿಸಿ, ಚಂಡೆಯ ಕೋಲು ಚರ್ಮವನ್ನು ಮುಟ್ಟುವ ಚಿತ್ರದ ಜೊತೆಗೆ ಸದ್ದು ಬರುತ್ತಿದೆಯೇ ಎಂದು ನೋಡಬೇಕು. ಕೋಲು ಕಣ್ಣಿಗೆ ಕಾಣುವುದರಿಂದ ಇದನ್ನು ಚಂಡೆಯಲ್ಲಿ ಪರೀಕ್ಷಿಸುವುದೇ ಸುಲಭ.

ದೀರ್ಘ ರೆಕಾರ್ಡಿಂಗಿನಲ್ಲಿ ನಿಧಾನವಾದ ಜಾರುವಿಕೆಯೂ ಇರುತ್ತದೆ. ಎರಡು ಯಂತ್ರಗಳ ಒಳಗಡಿಯಾರಗಳು ಎಂದೂ ಪೂರ್ತಿ ಒಂದೇ ಆಗಿರುವುದಿಲ್ಲ. 36,000 ಸೆಕೆಂಡಿಗೆ 1 ಸೆಕೆಂಡಿನಷ್ಟು ಅಲ್ಪ ವ್ಯತ್ಯಾಸವಿದ್ದರೂ ಒಂದು ಗಂಟೆಗೆ ಹತ್ತನೇ ಒಂದು ಸೆಕೆಂಡು, ಅಂದರೆ 3 ಫ್ರೇಮ್, ತಪ್ಪುತ್ತದೆ. ಮೂರನೆಯ ಗಂಟೆಯ ಹೊತ್ತಿಗೆ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಇದಕ್ಕೆ ನಾನು ಕಂಡುಕೊಂಡ ಸರಳ ದಾರಿ ಎಂದರೆ, ಅರ್ಥ ಮುಗಿದು ಭಾಗವತರು ಮುಂದಿನ ಪದ್ಯವನ್ನು ಎತ್ತುವ ಮೊದಲಿನ ಬಿಡುವಿನಲ್ಲಿ ‘ಎಸ್’ ಕೀಲಿಯಿಂದ ಧ್ವನಿಯನ್ನು ತುಂಡರಿಸಿ, ಮುಂದಿನ ತುಂಡನ್ನು ಮತ್ತೆ ಚಂಡೆಯ ಪೆಟ್ಟಿಗೆ ಹೊಂದಿಸುವುದು. ಇಪ್ಪತ್ತು ನಿಮಿಷಕ್ಕೊಮ್ಮೆ ಹೀಗೆ ಮಾಡಿದರೆ ಸಾಕಾಗುತ್ತದೆ. ತುಂಡುಗಳ ನಡುವೆ ಉಂಟಾಗುವ ಒಂದೆರಡು ಫ್ರೇಮಿನ ಖಾಲಿಯನ್ನು ಹಾಗೆಯೇ ಬಿಟ್ಟರೆ ಮಳೆಯ ಸದ್ದು ಥಟ್ಟನೆ ನಿಂತು ಮತ್ತೆ ಆರಂಭವಾದಂತೆ ಕೇಳುತ್ತದೆ. ಆದ್ದರಿಂದ ತುಂಡುಗಳ ಅಂಚನ್ನು ಒಂದರ ಮೇಲೊಂದು ಹಾಯಿಸಿ, ಒಂದು ಕರಗುತ್ತಿದ್ದಂತೆ ಇನ್ನೊಂದು ಏರುವ ಹಾಗೆ ಮಾಡಬೇಕು.

ಮಳೆ, ಗಾಳಿ ಮತ್ತು ಜಾತ್ರೆಯ ಮೈಕು

ಬೇರ್ಪಡಿಸಿದ ಧ್ವನಿಯಿಂದ ಮಳೆಯನ್ನು ತೆಗೆಯಬಹುದೇ ಎಂಬುದು ನಮ್ಮ ಜಿಲ್ಲೆಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ. ಒಂದು ಮಟ್ಟಿಗೆ ಸಾಧ್ಯ. ಧ್ವನಿಯನ್ನು ಕುಗ್ಗಿಸದ ವೇವ್ ಫೈಲಾಗಿ ಹೊರತೆಗೆದು ಅಡಾಸಿಟಿ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ತೆರೆಯಿರಿ. ಯಾರೂ ಮಾತನಾಡದ, ಮಳೆ ಮಾತ್ರ ಇರುವ ಎರಡು ಮೂರು ಸೆಕೆಂಡನ್ನು ಆಯ್ದು, ‘ನಾಯ್ಸ್ ರಿಡಕ್ಷನ್’ ತೆರೆದು, ‘ಗೆಟ್ ನಾಯ್ಸ್ ಪ್ರೊಫೈಲ್’ ಒತ್ತಿ ಸದ್ದಿನ ಮಾದರಿಯನ್ನು ಕೊಡಬೇಕು. ನಂತರ ಇಡೀ ಧ್ವನಿಯನ್ನು ಆಯ್ದು, ಅದೇ ಕಿಟಕಿಯಲ್ಲಿ 6 ಡೆಸಿಬೆಲ್‌ನಿಂದ ಆರಂಭಿಸಿ ಕೇಳಿ ನೋಡಬೇಕು. ಒಂದೇ ಸಮನೆ ಸುರಿಯುವ ಮಳೆ ತಗ್ಗುತ್ತದೆ. ಗಾಳಿಗೆ ಬಂದು ಹೋಗುವ ಮಳೆಯೂ ತಗಡಿನ ಮೇಲೆ ತಟತಟ ಬೀಳುವ ಹನಿಯೂ ಮಾದರಿಗೆ ಹೊಂದದೆ ಉಳಿಯುತ್ತವೆ. ಆಸೆಗೆ ಬಿದ್ದು 20, 24 ಎಂದು ಏರಿಸಿದರೆ ಮಾತು ನೀರಿನೊಳಗಿಂದ ಬಂದಂತಾಗುತ್ತದೆ. ಮಳೆಯ ಸದ್ದು ಹರಡಿರುವ ಎತ್ತರದ ಕಂಪನಗಳಲ್ಲಿಯೇ ನಮ್ಮ ಶ, ಷ, ಸ ಅಕ್ಷರಗಳ ಊಷ್ಮವೂ ಇರುವುದರಿಂದ ಮಳೆಯ ಜೊತೆಗೆ ಅವೂ ಕೊಚ್ಚಿಹೋಗುತ್ತವೆ. ‘ಶಲ್ಯ’ನೂ ‘ಸಲ್ಯ’ನಾಗುವ ಅರ್ಥಗಾರಿಕೆಯನ್ನು ಯಾರು ಕೇಳುತ್ತಾರೆ? ಸ್ವಲ್ಪ ಮಳೆ ಇದ್ದರೂ ಇರಲಿ, ಅಕ್ಷರ ಉಳಿಯಲಿ ಎಂಬುದೇ ನನ್ನ ಪಕ್ಷಪಾತ.

ಕಾರವಾರದ ಟ್ಯಾಗೋರ್ ಕಡಲತೀರದಲ್ಲೋ ಗೋಕರ್ಣದ ದಂಡೆಯಲ್ಲೋ ತೆಗೆದ ವಿಡಿಯೋಗಳ ಗೋಳು ಬೇರೆ. ಅಲ್ಲಿ ಮೈಕಿಗೆ ನೇರವಾಗಿ ಬಡಿಯುವ ಗಾಳಿ ಗುಡುಗುಡು ಎಂಬ ತಗ್ಗಿನ ಸದ್ದನ್ನು ಉಂಟುಮಾಡುತ್ತದೆ. ಬಿಡಿಸಿದ ಧ್ವನಿಯನ್ನು ಆಯ್ದು ಶಾಟ್‌ಕಟ್‌ನ ಫಿಲ್ಟರುಗಳಲ್ಲಿ ‘ಹೈ ಪಾಸ್’ ಸೇರಿಸಿ, ಸುಮಾರು 100 ಹರ್ಟ್ಝ್‌ಗಿಂತ ಕೆಳಗಿನದನ್ನು ತಗ್ಗಿಸಿದರೆ ಮಾತಿಗೆ ಹೆಚ್ಚು ಧಕ್ಕೆಯಾಗದೆ ಗುಡುಗು ಇಳಿಯುತ್ತದೆ. ಮದ್ದಳೆ ಇರುವ ಧ್ವನಿಗೆ ಇದನ್ನು ಕಣ್ಣುಮುಚ್ಚಿ ಹಾಕಬಾರದು, ಅದರ ಎಡಮುಖದ ಗಂಭೀರ ನಾದ ತೆಳುವಾಗಿಬಿಡುತ್ತದೆ.

ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಇನ್ನೊಂದು ಬಗೆಯ ತೊಡಕಿದೆ. ತೊಟ್ಟಿಲು, ಅಂಗಡಿಗಳ ಮೈಕಿನಿಂದ ಬರುವ ಸಿನಿಮಾ ಹಾಡು ನಮ್ಮ ವಿಡಿಯೋದಲ್ಲಿ ಸೇರಿಕೊಂಡು, ಯೂಟ್ಯೂಬಿಗೆ ಏರಿಸಿದ ಕೂಡಲೇ ಹಕ್ಕುಸ್ವಾಮ್ಯದ ತಕರಾರು ಬರುವುದುಂಟು. ಅಂತಹ ತುಣುಕಿನ ಧ್ವನಿಯನ್ನು ಬಿಡಿಸಿ ಅಳಿಸಿ, ಹಾಡಿಲ್ಲದ ಜಾಗದಲ್ಲಿ ಮೊದಲೇ ರೆಕಾರ್ಡ್ ಮಾಡಿಟ್ಟುಕೊಂಡ ಒಂದೆರಡು ನಿಮಿಷದ ಜನರ ಗಲಗಲವನ್ನು ಹಾಸಿದರೆ ಜಾತ್ರೆಯ ಕಳೆಯೂ ಉಳಿಯುತ್ತದೆ.

ಧ್ವನಿಯನ್ನು ಮಾತ್ರ ಹೊರತೆಗೆಯುವುದು

ಅಡಿಕೆ ಸುಲಿಯುತ್ತ ಕೇಳುವವರಿಗೆ ಚಿತ್ರ ಬೇಕಾಗಿಲ್ಲ. ಸಂಕಲನವಾದ ಟೈಮ್‌ಲೈನಿನಿಂದ ಧ್ವನಿಯನ್ನಷ್ಟೇ ತೆಗೆಯಲು ಶಾಟ್‌ಕಟ್‌ನ ‘ಎಕ್ಸ್‌ಪೋರ್ಟ್’ ತೆರೆದು, ಎಡಗಡೆಯ ಪಟ್ಟಿಯಲ್ಲಿ ‘ಆಡಿಯೋ’ ಗುಂಪಿನೊಳಗಿನ ಎಂಪಿ3ಯನ್ನು ಆಯ್ದು ಉಳಿಸಿದರಾಯಿತು. ಸಂಕಲನವೇ ಬೇಡ, ಇದ್ದದ್ದು ಇದ್ದ ಹಾಗೆ ಸಾಕು ಎನ್ನುವವರು ವಿಎಲ್‌ಸಿ ಪ್ಲೇಯರಿನ ‘ಕನ್ವರ್ಟ್’ ಆಯ್ಕೆಯಲ್ಲಿ ಎಂಪಿ3 ಪ್ರೊಫೈಲ್ ಹಿಡಿದು ಅದೇ ಕೆಲಸವನ್ನು ಮುಗಿಸಬಹುದು.

ಯಾವ ರೂಪದಲ್ಲಿ ಉಳಿಸಬೇಕು ಎಂಬುದನ್ನು ಮುಂದಿನ ಬಳಕೆ ನಿರ್ಧರಿಸುತ್ತದೆ. ಇನ್ನೂ ತಿದ್ದುವುದಿದ್ದರೆ ವೇವ್ ಬೇಕು. 48,000 ಮಾದರಿ, 16 ಬಿಟ್, ಸ್ಟೀರಿಯೋ ಲೆಕ್ಕದಲ್ಲಿ ಅದು ಗಂಟೆಗೆ ಸುಮಾರು 690 ಎಂಬಿ ಆಗುತ್ತದೆ. ಸಾಮಾನ್ಯ ವೇವ್ ಫೈಲು 4 ಜಿಬಿಯನ್ನು ಮೀರಲಾರದು. ಹಾಗಾಗಿ ಆರು ಗಂಟೆ ದಾಟಿದ ಇಡೀ ರಾತ್ರಿಯ ಆಟವನ್ನು ಒಂದೇ ಫೈಲಿಗೆ ತುಂಬಲು ಹೋಗದೆ ಪ್ರಸಂಗಕ್ಕೊಂದರಂತೆ ಬಿಡಿಸಿಕೊಳ್ಳಬೇಕು. ಕೇಳುವುದಕ್ಕೆ ಮಾತ್ರವಾದರೆ 128 ಕೆಬಿಪಿಎಸ್‌ನ ಎಂಪಿ3 ಗಂಟೆಗೆ 58 ಎಂಬಿಯಷ್ಟರಲ್ಲಿ ಮುಗಿಯುತ್ತದೆ. ಒಂದೇ ಮೊಬೈಲಿನಿಂದ ರೆಕಾರ್ಡ್ ಮಾಡಿದ ತಾಳಮದ್ದಳೆಯನ್ನು ಮೊನೊ ಮಾಡಿ 64 ಕೆಬಿಪಿಎಸ್‌ನಲ್ಲಿ ಉಳಿಸಿದರೂ ಮಾತಿಗೆ ಕೊರತೆಯಾಗದು, ಗಾತ್ರ ಅರ್ಧಕ್ಕೆ ಇಳಿಯುತ್ತದೆ. ಉಳಿಸುವ ಮೊದಲು ಧ್ವನಿಯ ಮಟ್ಟವನ್ನು ಸೂಚಿಸುವ ಮೀಟರಿನಲ್ಲಿ ಚಂಡೆಯ ಅತಿ ಜೋರಿನ ಪೆಟ್ಟು ಸೊನ್ನೆಯನ್ನು ಮುಟ್ಟದೆ ಮೈನಸ್ 3ರ ಆಸುಪಾಸಿನಲ್ಲಿ ನಿಲ್ಲುವಂತೆ ನೋಡಿಕೊಳ್ಳಿ.

ಮೂರು ಗಂಟೆಯ ಒಂದೇ ಫೈಲು ಮಾಡಿ ಕೊಟ್ಟರೆ ನಿಲ್ಲಿಸಿದ ಜಾಗವನ್ನು ಮತ್ತೆ ಹುಡುಕಲು ವಯಸ್ಸಾದವರಿಗೆ ಕಷ್ಟವಾಗುತ್ತದೆ. ನಾನು ಈಗ ಪದ್ಯದ ಬಿಡುವಿನಲ್ಲಿ ಕತ್ತರಿಸಿ ಅರ್ಧ ಗಂಟೆಯ ಆರು ಭಾಗ ಮಾಡಿ, ಫೈಲಿನ ಹೆಸರಿನ ಮೊದಲಲ್ಲಿ 01, 02 ಎಂದು ಸಂಖ್ಯೆ ಹಾಕುತ್ತೇನೆ. ಸೊನ್ನೆ ಬಿಟ್ಟು ಬರೀ 1, 2 ಎಂದು ಹಾಕಿದರೆ, ಭಾಗಗಳು ಹತ್ತನ್ನು ದಾಟಿದಾಗ ಕಾರಿನ ಪ್ಲೇಯರುಗಳಲ್ಲಿ ಒಂದರ ನಂತರ ಹತ್ತನೆಯದು ಬಂದು, ಕೌರವ ಸಭೆಗೆ ಬರುವ ಮೊದಲೇ ಯುದ್ಧ ಮುಗಿದಿರುತ್ತದೆ.